ಹ್ಯಾಂಡ್‌ಪೋಸ್ಟಿನಿಂದಾಚೆ ಒಂದು ತಪಾಸಣೆ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಸುಮಾರು 50 ಕಿಲೋಮೀಟರ್. ಹಂಪಾಪುರ ದಾಟಿ ಹ್ಯಾಂಡ್‌ಪೋಸ್ಟ್ ಸೇರುವವರೆಗೆ ರಸ್ತೆಯ ಬಗ್ಗೆ ದೂರಲು ಏನೂ ಇಲ್ಲ. ಅಲ್ಲಿಂದ ಅಂತರಸಂತೆಯ ಕಡೆಗೆ ತಿರುಗಿದರೆ ಬಸ್ಸುಗಳು ವಿರಳವಾಗುತ್ತವೆ. ಹತ್ತಿ, ರಾಗಿಯ ಹೊಲಗಳು ಹಿಂದೆ ಸರಿದಂತೆ ನಾಗರಹೊಳೆಯ ಕಾಡಂಚು ಹತ್ತಿರವಾಗುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಸ್ತನ ಕ್ಯಾನ್ಸರ್ ತಪಾಸಣೆಗೆ ಹೊರಟಿದ್ದ ತಂಡವೊಂದರ ಜೀಪಿನಲ್ಲಿ ನಾನೂ ಕುಳಿತು, ಈ ದಾರಿಯಾಗಿ ಜೇನುಕುರುಬ ಬುಡಕಟ್ಟಿನವರ ಹಾಡಿಯೊಂದಕ್ಕೆ, ಅಂದರೆ ಅವರ ಪುಟ್ಟ ವಸತಿಗೆ ಹೋದೆ.

ಅಂಗನವಾಡಿಯ ಒಂದು ಮೂಲೆಗೆ ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದರು. ಹೊರಗೆ ಜಗುಲಿಯಲ್ಲಿ ಆಶಾ ಕಾರ್ಯಕರ್ತೆ ಬೇರೆ ಬೇರೆ ಗಾತ್ರದ ಮಣಿಗಳನ್ನು ಪೋಣಿಸಿದ ಸರವೊಂದನ್ನು ಹೆಂಗಸರ ಕೈಗೆ ಕೊಟ್ಟು, ಯಾವ ಗಾತ್ರದ ಗಂಟು ಬೆರಳಿಗೆ ಸಿಕ್ಕಬಹುದು ಎಂಬುದನ್ನು ಮುಟ್ಟಿಸಿಯೇ ತಿಳಿಸುತ್ತಿದ್ದರು. ಒಳಗೆ ನರ್ಸ್ ನಡುವಿನ ಮೂರು ಬೆರಳುಗಳ ಮೆದುಭಾಗವನ್ನು ಊರಿ, ಮೊದಲು ಹಗುರವಾಗಿ, ಆಮೇಲೆ ಕೊಂಚ ಒತ್ತಿ, ಸಣ್ಣ ಸಣ್ಣ ಸುತ್ತುಗಳಲ್ಲಿ ಕಂಕುಳಿನವರೆಗೂ ಪರೀಕ್ಷಿಸುತ್ತಿದ್ದರು. ತೊಟ್ಟು ಒಳಕ್ಕೆ ಸೇದಿಕೊಂಡಿದೆಯೇ, ಚರ್ಮ ಕುಳಿಬಿದ್ದಿದೆಯೇ, ರಕ್ತ ಒಸರುತ್ತದೆಯೇ ಎಂದೂ ನೋಡಬೇಕು. ಯಂತ್ರವಿಲ್ಲ, ವಿದ್ಯುತ್ತಿನ ಅಗತ್ಯವೂ ಇಲ್ಲ.

ಬರಿಗೈಯ ಈ ಪರೀಕ್ಷೆ ಬಡವರಿಗೆಂದು ಒಪ್ಪಿಕೊಂಡ ಅರೆಬರೆ ವ್ಯವಸ್ಥೆಯೇನಲ್ಲ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ ಒಂದೂವರೆ ಲಕ್ಷ ಮಹಿಳೆಯರನ್ನು ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದಾಗ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು, ಕಿರಿಯ ವಯಸ್ಸಿನವರಲ್ಲಿ ಸಾವಿನ ಪ್ರಮಾಣ ಇಳಿದದ್ದು ಕಾಣಲಿಲ್ಲ. 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಎರಡು ವರ್ಷಕ್ಕೂ ಐದು ವರ್ಷಕ್ಕೂ ಇರುವ ಅಂತರ ಸಣ್ಣದಲ್ಲ ಎಂದು ನನಗನ್ನಿಸುತ್ತದೆ.

ಆದರೆ ಪರೀಕ್ಷೆಗೆ ಜನ ಬೇಕಲ್ಲ! ಹಾಡಿಯ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು; ತೋಟದ ಜೀಪುಗಳು ನಸುಕಿನಲ್ಲೇ ಬಂದು ಹೆಣ್ಣಾಳುಗಳನ್ನು ತುಂಬಿಕೊಂಡು ಹೋಗಿದ್ದವು, ಕೆಲವರು ತೋಟದ ಲೈನುಮನೆಗಳಲ್ಲೇ ಬಿಡಾರ ಹೂಡಿದ್ದರು. ಶಿಬಿರದ ದಿನ ಗೊತ್ತುಮಾಡಿದವರು ಕ್ಯಾಲೆಂಡರ್ ನೋಡಿದ್ದರೇ ವಿನಾ ಕೊಯ್ಲನ್ನು ನೋಡಿರಲಿಲ್ಲ. ಸಂಜೆ ನಡೆಸೋಣವೆಂದರೆ ಆನೆಯ ಕಾಟ. ಕೇರಳದ ಗಡಿಯ ಬಾವಲಿ ಊರಿನ ಕಡೆಯ ಕಾಡುರಸ್ತೆಯಲ್ಲಂತೂ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ.

ಬಂದವರಲ್ಲಿ ಒಬ್ಬ ಅಜ್ಜಿಯ ಎಡ ಸ್ತನದಲ್ಲಿ ಗಟ್ಟಿಯಾದ, ಜರುಗದ ಗಂಟೊಂದು ಸಿಕ್ಕಿತು.

“ಎಷ್ಟು ದಿನದಿಂದ ಐತೆ ಅಜ್ಜಿ?” ಎಂದು ಆಶಾ ಕೇಳಿದರು.

“ಹೋದ್ ಸುಗ್ಗೀಲೇ ಇತ್ತು ಕಣವ್ವ. ನೋಯಲ್ಲ, ಅದ್ಕೇ ಸುಮ್ಗಿದ್ದೆ.”

ನೋವಿದ್ದರೆ ತಾನೇ ಕಾಯಿಲೆ ಎಂಬ ಈ ಲೆಕ್ಕ ಹಾಡಿಯದ್ದಷ್ಟೇ ಅಲ್ಲ, ಮೈಸೂರಿನ ಬಡಾವಣೆಗಳಲ್ಲೂ ಕೇಳಿದ್ದೇನೆ. ಆರಂಭದ ಹಂತದ ಗಂಟು ಬಹುಮಟ್ಟಿಗೆ ನೋಯುವುದಿಲ್ಲ ಎಂಬ ಒಂದು ಸಂಗತಿಯನ್ನು ಬಿಡದೆ ಸಾರಿದರೂ ಸಾಕು, ಭಿತ್ತಿಪತ್ರಗಳ ಮುಕ್ಕಾಲು ಪಾಲು ಕೆಲಸ ಆದಂತೆಯೇ.

ಗಂಟು ಸಿಕ್ಕ ಮಾತ್ರಕ್ಕೆ ಅದು ಕ್ಯಾನ್ಸರ್ ಎಂದಾಗುವುದಿಲ್ಲ. ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಅಥವಾ ಸ್ಕ್ಯಾನಿಂಗ್ ಆಗಬೇಕು, ಸೂಜಿಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಅದಕ್ಕೆ ಅಜ್ಜಿ ಮೈಸೂರಿಗೆ ಹೋಗಬೇಕು, ವರದಿಗೆ ಇನ್ನೊಮ್ಮೆ ಹೋಗಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ ನಿಜ. ಜೊತೆಗೆ ಹೋಗುವ ಮಗ ಕಳೆದುಕೊಳ್ಳುವ ಕೂಲಿಗೆ ಯೋಜನೆಯಿಲ್ಲ. ತಪಾಸಣೆ ಹತ್ತು ನಿಮಿಷದ್ದು, ಅಲ್ಲಿಂದ ಬಯಾಪ್ಸಿಯವರೆಗಿನ ದಾರಿಯೇ ನಿಜವಾದ ದೂರ. ಆ ದಾರಿಗೆ ಜೊತೆಯಾಗದ ಶಿಬಿರ ಬರಿಯ ರಿಜಿಸ್ಟರು ತುಂಬುವ ಕೆಲಸ.

ಆಶಾ ಕಾರ್ಯಕರ್ತೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಅಲ್ಲೇ ನಿಂತು ಅಜ್ಜಿಯ ಮಗನಿಗೆ ಫೋನು ಮಾಡಿ, ತೋಟಕ್ಕೆ ರಜೆಯಿರುವ ದಿನ ಕೇಳಿಕೊಂಡು, ಆಡುಗಳನ್ನು ನೋಡಿಕೊಳ್ಳಲು ಪಕ್ಕದ ಮನೆಯ ಸೊಸೆಯನ್ನು ಒಪ್ಪಿಸಿ, ಮೊದಲ ಬಸ್ಸಿಗೆ ತಾನೂ ಬರುವುದಾಗಿ ಹೇಳಿದರು. ಬೀಗ ಬಿದ್ದಿದ್ದ ಮನೆಗಳ ಪಟ್ಟಿಯನ್ನು ನರ್ಸ್ ಬೇರೆ ಹಾಳೆಯಲ್ಲಿ ಬರೆದುಕೊಂಡು, ಮುಂದಿನ ಶಿಬಿರವನ್ನು ಕೊಯ್ಲು ಮುಗಿದು ಜನ ಹಿಂತಿರುಗುವ ಯುಗಾದಿಯ ಆಸುಪಾಸಿನಲ್ಲಿ ಇಡಬೇಕೆಂದು ಅದರ ಕೆಳಗೇ ಷರಾ ಹಾಕಿದರು.