ನಲವತ್ತು ಪೆನ್ಸಿಲ್, ಒಂದು ಮೆಂಡರ್

ಹಾಸನದ ಒಂದು ಸ್ಕೂಲಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಮೇಜಿಗೆ ಬಿಗಿದು ಹ್ಯಾಂಡಲ್ ತಿರುಗಿಸುವ ಮೆಂಡರ್ ಬೇಕು ಅಂತ ಎರಡು ವರ್ಷ ಎಚ್‌ಎಂ ಹಿಂದೆ ಬಿದ್ದಿದ್ದೆ. ಅಷ್ಟರಲ್ಲಿ ಆಫೀಸಿಗೆ ಹೊಸ ಸೋಫಾ ಬಂತು, ಅದು ಬೇರೆ ಮಾತು. ಮೆಂಡರ್ ಬಂದ ದಿನವೇ ಅಟೆಂಡರಿಗೆ ಹೇಳಿದೆ, "ಇದನ್ನ ಯಾರೂ ಮುಟ್ಟಬಾರದು."

ಆವತ್ತು ನಮ್ಮಲ್ಲೇ ಕ್ಲಸ್ಟರ್ ಮಟ್ಟದ ಸ್ಪರ್ಧೆ. ಹಳೇಬೀಡಿನ ಆನೆ ಸಾಲು ಬರೆಸಬೇಕು. ಶುರುವಾಗೋದು ಒಂಬತ್ತೂವರೆಗೆ. ಒಂಬತ್ತಕ್ಕೆ 40 ಟೂಬಿ ಪೆನ್ಸಿಲ್, ಅಂದರೆ ಎಚ್‌ಬಿಗಿಂತ ಕಪ್ಪಗೆ ಮೂಡುವಂಥವು, ಮುಂದಿಟ್ಟುಕೊಂಡು ಕೂತೆ.

ಮೆಂಡರ್ ಒಳಗೆ ಓರೆ ಹಲ್ಲಿನ ಎರಡು ಉರುಳೆ ಪೆನ್ಸಿಲ್ ಸುತ್ತ ಸುತ್ತುತ್ತಾ ಹೆರೆಯುತ್ತವೆ. ಮೊನೆ ಬಂದ ಕೂಡಲೇ ಹ್ಯಾಂಡಲ್ ಹಗುರಾಗುತ್ತದೆ, ಕೈಗೇ ಗೊತ್ತಾಗುತ್ತದೆ. ಮೊದಲನೇದು ಹಗುರಾಯಿತು. ತೆಗೆದೆ. ಸೂಜಿಯಂಥ ಮೊನೆ. ಪೇಪರಿಗೆ ತಾಗಿಸಿದೆ, ಹಲ್ಲು ಬಿದ್ದ ಹಾಗೆ ಬುಡಸಮೇತ ಉದುರಿತು. ಮತ್ತೆ ತಿರುಗಿಸಿದೆ, ಮತ್ತೆ ಉದುರಿತು. ಎರಡನೇದೂ ಹಾಗೇ. ಮೂರನೇದರ ಮೊನೆ ಒಳಗೇ ಉಳಿಯಿತು.

ಒಂಬತ್ತೂಕಾಲು. ಮಕ್ಕಳು ಬಾಗಿಲಲ್ಲಿ ಗುಂಪು ಕಟ್ಟಿದ್ದರು. ಕ್ರೇಯಾನ್ ಹಾಕಿ ತಿರುಗಿಸಿದ್ದೀಯ, ಮೇಣ ಅಂಟಿದೆ ಅಂತ ಎಲ್ಲರೆದುರು ಅಟೆಂಡರಿಗೆ ಬೈದೆ. ಅವನು "ಇಲ್ಲ ಮೇಷ್ಟ್ರೇ" ಅಂದ, ಅಷ್ಟೇ. ಹಿಂದಿನ ಭಾಗ ಬಿಚ್ಚಿದೆ. ಮುರಿದ ಸೀಸದ ಚೂರು ಹಲ್ಲಲ್ಲಿ ಸಿಕ್ಕಿತ್ತು, ಮೇಜಿಗೆ ತಟ್ಟಿ ಬೀಳಿಸಿದೆ. ಮೇಣದ ಸುಳಿವೇ ಇಲ್ಲ. ಆದರೂ ತಿರುಗಿಸುತ್ತಲೇ ಇದ್ದೆ. ಡ್ರಾಯರ್ ತುಂಬಾ ಸಿಪ್ಪೆ, ಕೈಯೆಲ್ಲ ಕಪ್ಪು, ಮೇಜಿನ ಮೇಲೆ ಬೆರಳುದ್ದದ ಆರು ಪೆನ್ಸಿಲ್.

"ಸರ್, ಪೆನ್ಸಿಲ್ ಏನಾದ್ರೂ ಕೆಳಗೆ ಬಿದ್ದಿತ್ತಾ?" ಅಂತ ಆರನೇ ಕ್ಲಾಸಿನ ಹುಡುಗಿ ಕೇಳಿದಳು. "ಬಿದ್ರೆ ಒಳಗೇ ತುಂಡಾಗಿರುತ್ತೆ ಸರ್."

ಹಿಂದಿನ ಸಂಜೆ ಬೀರು ಮೇಲಿಂದ ಡಬ್ಬ ಸಿಮೆಂಟ್ ನೆಲಕ್ಕೆ ಬೀಳಿಸಿದ್ದು ನಾನೇ. ಒಂದೂ ಮುರಿದಿಲ್ಲ ಅಂತ ಸಮಾಧಾನದಿಂದ ವಾಪಸ್ ಜೋಡಿಸಿಟ್ಟಿದ್ದೂ ನಾನೇ. ಮರ ಮುರಿದಿರಲಿಲ್ಲ, ನಿಜ. ಟೂಬಿ ಸೀಸ ಮೊದಲೇ ಮೆದು, ಒಳಗೆ ಉದ್ದಕ್ಕೂ ತುಂಡಾಗಿತ್ತು. ಅದಕ್ಕೆ ಯಾವ ಮೆಂಡರ್ ಏನು ಮಾಡೀತು?

ಮಕ್ಕಳು ತಮ್ಮ ಜಾಮಿಟ್ರಿ ಬಾಕ್ಸಿನ ಎಚ್‌ಬಿ ಪೆನ್ಸಿಲಲ್ಲೇ ಬರೆದರು. ಆನೆಗಳೆಲ್ಲ ಸ್ವಲ್ಪ ಬಿಳಿಚಿಕೊಂಡಿದ್ದವು.

ಅಟೆಂಡರಿಗೆ ಕ್ಯಾಂಟೀನಲ್ಲಿ ಕಾಫಿ ಕೊಡಿಸಿ ತಪ್ಪಾಯ್ತಪ್ಪ ಅಂದೆ. ಬೈದಿದ್ದು ಎಲ್ಲರೆದುರು, ಕ್ಷಮೆ ಕೇಳಿದ್ದು ಮೂಲೆಯಲ್ಲಿ. ಅದು ಈಗಲೂ ಚುಚ್ಚುತ್ತದೆ. ಹೊಸ ಡಬ್ಬ ಬಂದಾಗ ಅವನೇ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದ. "ಇದನ್ನ ಯಾರೂ ಮುಟ್ಟಬಾರದು ಮೇಷ್ಟ್ರೇ" ಅಂದ.