ರೊಟ್ಟಿ ಬಡಿಯೋ ಸಪ್ಪಳ

ಸಣ್ಣಾಕಿ ಇದ್ದಾಗ ನಂಗ ಕಲಬುರಗಿ ಅಂದ್ರ ಶರಣಬಸಪ್ಪನ ಜಾತ್ರಿ ಅಷ್ಟೇ. ಹೋಳಿ ಹುಣ್ಣಿಮಿ ಆಗಿ ಐದನೇ ದಿನಕ್ಕ ತೇರು, ಅಪ್ಪ ಹೆಗಲ ಮ್ಯಾಲ ಕೂಡಿಸ್ಕೊಂಡು ತೋರಿಸ್ತಿದ್ದ, ತೇರಿಗಿ ಉತ್ತತ್ತಿ ಒಗದು ರಾತ್ರಿ ಬಸ್ಸಿಗಿ ಶಹಾಪುರಕ್ಕ ವಾಪಸ್. ಅಷ್ಟು ಮಂದಿ ಜಾತ್ರಿಗಂತ ಬಂದಿರ್ತಾರ, ಮರುದಿನ ಎಲ್ಲಾ ಖಾಲಿ ಆಗ್ತದ ಅಂತಾನೇ ನಾ ತಿಳ್ಕೊಂಡಿದ್ದೆ.

ಹೋದ ವರ್ಷ ಮೇ ತಿಂಗಳದಾಗ ಮಕ್ಕಳ ಶಾಲಿ ಸಲುವಾಗಿ ಸಾಮಾನು ಕಟ್ಕೊಂಡು ಬಂದೆ. ಯಜಮಾನ್ರು ಊರಾಗೇ ಉಳದ್ರು, ಹತ್ತಿ ತೊಗರಿ ಬಿಟ್ಟು ಅವರಿಗಿ ಬರ್ಲಿಕ್ಕ ಆಗಂಗಿಲ್ಲ. ನಮ್ಮ ಯಾದಗಿರಿ ಕಡಿ ಈಗ ಭಾಳ ಮನ್ಯಾಗ ಹಿಂಗೇ ಅದ, ಗಂಡ ಹೊಲದಾಗ, ಹೆಂಡ್ತಿ ಮಕ್ಕಳು ಕಲಬುರಗ್ಯಾಗ ಬಾಡಿಗಿ ಖೋಲ್ಯಾಗ. ಮಂದಿ ಏನಾರ ಅನ್ಲಿ, ಇದರಾಗ ಹೆಣ್ಮಕ್ಕಳು ಎಷ್ಟು ಹೊರ್ತಾರ ಅನ್ನೋದು ಹೊತ್ತೋರಿಗೇ ಗೊತ್ತು.

ಮೊದಲನೇ ತಿಂಗಳು ನಂಗ ಸೂಪರ್ ಮಾರ್ಕೆಟ್ ಅನ್ನೋ ಇಲ್ಲಿನ ಬಜಾರದ ಕಡಿ ಹೋಗಬೇಕಂದ್ರ ಎದಿ ಡವಡವ ಅಂತಿತ್ತು. 2011ರ ಜನಗಣತಿಯಾಗೇ ಈ ಊರಿನ ಮಂದಿ 5 ಲಕ್ಷ ದಾಟ್ಯಾರ, ಈಗ ಎಷ್ಟಾಗ್ಯಾರೋ, ಅವರೆಲ್ಲಾ ಸಂಜಿ ಆರಕ್ಕ ಅಲ್ಲೇ ಬಂದು ನಿಂತಂಗ ಅನಸ್ತಿತ್ತು, ಒಂದ್ ಕಡಿ ಟಂಟಂ, ಒಂದ್ ಕಡಿ ಗಾಡಿ ತಳ್ಳೋರು, ಮ್ಯಾಲ ಸುಡೋ ಸುಡೋ ಬಿಸಲು, ಎರಡೂ ಮಕ್ಕಳ ಕೈ ಬಿಗಿಯಾಗಿ ಹಿಡ್ಕೊಂಡು ರಸ್ತಾ ದಾಟ್ಲಿಕ್ಕ ಹತ್ತು ನಿಮಿಷ ನಿಂತೀನಿ. ಅದು ಹೋಗ್ಲಿ, ಅದು ರೂಢಿ ಆಯ್ತು. ರೂಢಿ ಆಗ್ಲಾರದ್ದು ಬ್ಯಾರೇನೇ ಇತ್ತು.

ಶಾಲಿ ವ್ಯಾನು ಎಂಟಕ್ಕ ಬರ್ತದ, ಅದಕ್ಕ ನಾ ಐದಕ್ಕೇ ಎದ್ದು ರೊಟ್ಟಿ ಬಡೀತಿದ್ದೆ. ನಮ್ಮದು ಮಾಳಗಿ ಮ್ಯಾಲಿನ ಖೋಲಿ, ನೆಲಕ್ಕ ಶಹಾಬಾದ್ ಪರಸಿ. ನಾಲ್ಕನೇ ದಿನಕ್ಕ ಕೆಳಗಿನ ಮಾಲಕ್ರು ಬಂದು, ನೋಡವ್ವಾ, ಮುಂಜಾನಿ ಈ ಬಡಬಡ ಸಪ್ಪಳ ಬ್ಯಾಡ, ನಿದ್ದಿ ಹತ್ತಂಗಿಲ್ಲ ಅಂದ್ರು. ಅವರು ಕೆಟ್ಟ ಮಾತಾಡ್ಲಿಲ್ಲ, ಆದ್ರ ಅವತ್ತು ನಂಗ ಅಳು ಬಂತು. ನಮ್ಮೂರಾಗ ಮುಂಜಾನಿ ಆ ಸಪ್ಪಳ ಕೇಳ್ಲಿಲ್ಲಂದ್ರ ಬಾಜೂ ಮನಿಯವರು ಬಂದು ಯಾಕವ್ವಾ, ಮೈಯಾಗ ಆರಾಮಿಲ್ಲೇನು ಅಂತ ಕೇಳ್ತಾರ!

ಆಮ್ಯಾಲ ಲಟ್ಟಿಸಿ ನೋಡ್ದೆ. ಜ್ವಾಳದ ಹಿಟ್ಟಿಗಿ ಗೋಧಿ ಹಿಟ್ಟಿನಂಗ ಅಂಟು ಇರಂಗಿಲ್ಲ, ಎಸರು ಹಾಕಿ ಎಷ್ಟು ನಾದಿದ್ರೂ ಲಟ್ಟಣಿಗಿಗಿ ಅಂಚು ಸೀಳ್ತದ, ದಪ್ಪ ಆಗ್ತದ, ಉಬ್ಬಂಗಿಲ್ಲ. ಸಣ್ಣಾವ ಒಂದ್ ತುತ್ತು ತಿಂದು, ಅವ್ವಾ ಇದು ಊರಿನ ರೊಟ್ಟಿ ಅಲ್ಲ ಅಂದ. ಜ್ವಾಳ ಮಾತ್ರ ಊರಿಂದೇ.

ನಮ್ಮ ಗಲ್ಲ್ಯಾಗ ನಳ ದಿನಾ ಬರಂಗಿಲ್ಲ, ನಾಲ್ಕೈದು ದಿನಕ್ಕೊಮ್ಮಿ. ಈ ಊರಿಗಿ ನೀರು ಭೀಮಾದ್ದು, ಬೆಣ್ಣೆತೊರಾದ್ದು. ಜೇವರ್ಗಿ ಹತ್ರ ಬಸ್ಸಿನಾಗ ದಾಟಿ ಬಂದ ಅದೇ ಭೀಮಾನ ನನ್ನ ಕೊಡದಾಗ ಬರ್ತಾಳ ಅಂತ ತಿಳದಾಗ ಏನೋ ಸಮಾಧಾನ ಆಗಿತ್ತು. ನೀರು ಬಂದ ದಿನ ಇಡೀ ಗಲ್ಲಿ ಹೊರಗ ಬರ್ತದ, ಆ ದಿನಾನೇ ನಂಗ ಎದುರು ಮನಿ ಖಾಲಾ ಸಿಕ್ಕಿದ್ದು. ಖಾಲಾ ಅಂದ್ರ ಚಿಗವ್ವ ಇದ್ದಂಗ, ಅರ್ಧ ಕನ್ನಡ ಅರ್ಧ ದಖ್ನಿ ಉರ್ದು ಮಾತಾಡ್ತಾರ. ನನ್ನ ಕೊಡಕ್ಕ ಕೈ ಕೊಡ್ತಾ, ನಾಕ ದಿನ ನಿನ್ನ ರೊಟ್ಟಿ ಸಪ್ಪಳ ಬಂತು, ಆಮ್ಯಾಲ ಬಂದ್ ಆಯ್ತಲ್ಲ ಬೇಟಿ, ಯಾಕ ಅಂತ ಕೇಳಿದ್ರು. ಕೇಳ್ಯಾರ ನೋಡ್ರಿ! ಇಷ್ಟು ದೊಡ್ಡ ಊರಾಗ ಒಬ್ಬಾಕಿ ಕೇಳ್ಯಾಳ. ನಾ ಎಲ್ಲಾ ಹೇಳ್ದೆ. ಫಿಕರ್ ನಕ್ಕೋ ಕರೋ, ನಮ್ಮ ಅಂಗಳಕ್ಕ ಬಾ, ನಮ್ಮದು ನೆಲದ ಮನಿ, ಕೆಳಗ ಯಾರ ಮಲಗ್ಯಾರ ಅಂದ್ರು.

ಅವತ್ತಿಂದ ಹಿಟ್ಟಿನ ಪರಾತ ಹಿಡ್ಕೊಂಡು ಐದಕ್ಕ ಅವರ ಅಂಗಳಕ್ಕ ಹೋಗ್ತೀನಿ. ಅವರ ಮನ್ಯಾಗೂ ಜ್ವಾಳದ ರೊಟ್ಟಿನೇ, ಒಂದ್ ಕಡಿ ಅವರು ಬಡೀತಾರ, ಒಂದ್ ಕಡಿ ನಾನು. ನನ್ನ ಪುಂಡಿ ಪಲ್ಯ ಅವರಿಗಿ, ಅವರ ತಹರಿ ನನ್ನ ಮಕ್ಕಳಿಗಿ. ಅಲ್ಲಿ ಕೂತು ಕಿವಿ ಕೊಟ್ಟಾಗ ಗೊತ್ತಾಯ್ತು, ಹಿಂದಿನ ಗಲ್ಲ್ಯಾಗ ಒಂದ್ ಮನಿ, ಆ ಕಡಿ ಇನ್ನೆರಡು ಮನಿ, ಕತ್ಲಾಗ ಅಲ್ಲಲ್ಲಿ ಬಡಬಡ ಬಡಬಡ ಅಂತಿರ್ತದ, ಮಾಳಗಿ ಮ್ಯಾಲ ಇದ್ದಾಗ ಫ್ಯಾನಿನ ಸಪ್ಪಳದಾಗ ನಂಗ ಇದು ಕೇಳಿಸಿರಲೇ ಇಲ್ಲ.

ಹೋದ ಎಳ್ಳಮಾಸಿಗಿ ಊರಿಗಿ ಹೋದಾಗ ಹೊಲಕ್ಕ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಕಟ್ಕೊಂಡು ಬಂದು ಖಾಲಾಗ ಕೊಟ್ಟೆ. ಹೊಲದಾಗೇ ಕೂತು ಉಣ್ಣಬೇಕಂತ ಅವರಿಗಿ ಆಸಿ ಅದ, ಶಹಾಪುರದಾಗ ಬುದ್ಧ ಮಲಗಿದಂಗ ಕಾಣೋ ಗುಡ್ಡಾನೂ ನೋಡ್ಬೇಕಂತ. ಈ ಸಲ ಕರ್ಕೊಂಡು ಹೋಗ್ತೀನಿ ಅಂದೀನಿ. ಬಸ್ಸು ಇಬ್ಬರಿಗೂ ಫ್ರೀ, ಆಧಾರ್ ಕಾರ್ಡ್ ಈಗ್ಲೇ ತೆಗದು ಇಟ್ಕೊಂಡಾರ.