ರಾಜ್‌ಕುಮಾರ್ ಯಾವ ಕಾಲೇಜಿಗೆ ಹೋಗಿದ್ರು?

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕ್ಯಾಮೆರಾ ಓದಿದೆ ಅಂತ ಹೇಳಿದರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಮ್ಮಾ, ಸಿನಿಮಾ ಮಾಡೋಕೂ ಓದಬೇಕಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಸಾಕ್ಷಿ ಸಮೇತ ತೀರ್ಪೂ ಆಗಿರುತ್ತದೆ: "ರಾಜ್‌ಕುಮಾರ್ ಯಾವ ಕಾಲೇಜಿಗೆ ಹೋಗಿದ್ರು?"

ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಮದುವೆ, ನಾಮಕರಣ, ತಿಥಿ ಊಟ, ಎಲ್ಲೆಲ್ಲೂ ಇದೇ ಆಗಿ ಈಗ ನಗು ಖಾಲಿಯಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರೇ ಕೇಳಿದರೂ ಇದರ ಲಿಂಕ್ ಕಳಿಸಿ ಪಲ್ಯದ ಕಡೆ ಗಮನ ಕೊಡುತ್ತೇನೆ.

"ಏನು ಓದಿದೆ" ಅಂತ ಕೇಳಿದರೆ ಬೇಜಾರಿಲ್ಲ. ಇವರು ಕೇಳುವುದು "ಓದೋಕೆ ಅದರಲ್ಲಿ ಏನಿದೆ" ಅಂತ. ಉತ್ತರ ಬೇಕಾಗಿ ಕೇಳುವ ಧಾಟಿಯಲ್ಲ ಅದು. ನಮ್ಮಪ್ಪನ ದುಡ್ಡು ಹಾಳಾಯಿತಲ್ಲ ಅನ್ನುವ ಸಂಕಟ, ಅದೂ ನಮ್ಮಪ್ಪನಿಗೇ ಇಲ್ಲದ ಸಂಕಟ.

ಚಿಕ್ಕಪ್ಪನ ಮನೆಯ ಗೃಹಪ್ರವೇಶದಲ್ಲಿ ದೊಡ್ಡಪ್ಪ ಇದೇ ಪ್ರಶ್ನೆ ಎತ್ತಿದರು. ಕೇಳಿ, ತಾವೇ ಉತ್ತರಿಸಿಕೊಂಡು, ಕೊನೆಗೆ ತಮ್ಮ ಮೊಬೈಲನ್ನು ನನ್ನ ಕೈಗಿತ್ತು, "ಹೋಗ್ಲಿ ಬಿಡು, ಓದಿದ್ದೀಯಲ್ಲ, ಎಲ್ಲರದ್ದೂ ಒಂದು ಗ್ರೂಪ್ ಫೋಟೋ ತೆಗಿ" ಅಂದರು. ನಡುಮಧ್ಯಾಹ್ನ. ಕೆಂಪು-ಹಳದಿ ಪಟ್ಟೆಯ ಶಾಮಿಯಾನದ ಕೆಳಗೆ ಸಾಲಾಗಿ ನಿಂತಿದ್ದ ಬಳಗವೆಲ್ಲ ಕುಂಕುಮ ಎರಚಿಸಿಕೊಂಡ ಹಾಗೆ ಕಾಣುತ್ತಿತ್ತು. ಬಿಸಿಲು ಬಟ್ಟೆಯನ್ನು ದಾಟಿ ಬರುವಾಗ ಬಟ್ಟೆಯ ಬಣ್ಣವನ್ನೂ ಹೊತ್ತು ತರುತ್ತದೆ. ಎಲ್ಲರ ಮೇಲೂ ಒಂದೇ ಬಣ್ಣ ಬಿದ್ದಿದ್ದರೆ ಮೊಬೈಲು ಹೇಗೋ ಸರಿಮಾಡಿಕೊಳ್ಳುತ್ತಿತ್ತು. ಆದರೆ ಅಂಚಿನಲ್ಲಿದ್ದವರ ಅರ್ಧ ಮುಖಕ್ಕೆ ಶಾಮಿಯಾನದ ಕೆಂಪು, ಇನ್ನರ್ಧಕ್ಕೆ ಹೊರಗಿನ ಬಿಳಿ ಬಿಸಿಲು. ಇದಕ್ಕೆ ಅದು ಏನು ಮಾಡೀತು? ಎಲ್ಲರನ್ನೂ ಮನೆಯ ಪಕ್ಕದ ನೆರಳಿಗೆ ಕರೆದುಕೊಂಡು ಹೋದೆ. ಹೊಸದಾಗಿ ಸುಣ್ಣ ಬಳಿದ ಕಾಂಪೌಂಡು ಎದುರಿಗೇ ಇತ್ತು. ಅದರ ಮೇಲೆ ಬಿದ್ದ ಬಿಸಿಲು ಮೆತ್ತಗಾಗಿ ಇವರ ಮುಖಕ್ಕೆ ಬರುತ್ತಿತ್ತು.

"ನೆರಳಲ್ಲಿ ಫೋಟೋ ಬರಲ್ಲ ಕಣೇ, ಬಿಸಿಲಿರೋ ಕಡೆ ನಿಲ್ಲಿಸು!" ದೊಡ್ಡಪ್ಪನ ಗೊಣಗಾಟ ನಿಲ್ಲಲಿಲ್ಲ. ಅಜ್ಜಿಗೆ ಕುರ್ಚಿ ಹಾಕಿಸಿ ಫೋಟೋ ತೆಗೆದೆ. ಎಲ್ಲರ ಕಣ್ಣೂ ಅರಳಿದ್ದವು, ಯಾರ ಮೂಗಿನ ನೆರಳೂ ಮೀಸೆಯಾಗಿರಲಿಲ್ಲ. ದೊಡ್ಡಪ್ಪ ನೋಡಿದವರೇ, "ನೋಡಿದ್ಯಾ, ನನ್ನ ಮೊಬೈಲು ಎಷ್ಟು ಚೆನ್ನಾಗಿ ತೆಗೆಯುತ್ತೆ!" ಅಂದರು.

ನಾನು ಓದಿದ್ದು ಇದನ್ನೇ ದೊಡ್ಡಪ್ಪ, ನೆರಳನ್ನು. ಬೆಳಕು ಅಳೆಯುವ ಮೀಟರಿಗೆ ನಿಮ್ಮ ಬಿಳಿ ಪಂಚೆಯೂ ಒಂದೇ, ಕರಿ ಕಂಬಳಿಯೂ ಒಂದೇ. ಎರಡನ್ನೂ ಕಪ್ಪು-ಬಿಳಿಯ ನಡುವಿನ ಬೂದು ಬಣ್ಣಕ್ಕೆ ತರಲು ಹವಣಿಸುತ್ತದೆ. ಅದರ ಮಾತನ್ನು ಎಷ್ಟು ಕೇಳಬೇಕು, ಎಲ್ಲಿ ಕೇಳಬಾರದು ಎಂದು ಕಲಿಯಲು ಕಾಲ ಬೇಕು. ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ಬರೀ ಬೆರಳ ಅಂದಾಜಿನಲ್ಲಿ ಕ್ಯಾಮೆರಾದ ಫಿಲ್ಮ್ ಡಬ್ಬಿಗೆ, ಅಂದರೆ ಮ್ಯಾಗಜಿನ್‌ಗೆ ಫಿಲ್ಮ್ ತುಂಬಬೇಕಿತ್ತು. 35 ಎಂಎಂನ 400 ಅಡಿ ಸುರುಳಿ ನಾಲ್ಕೂವರೆ ನಿಮಿಷವೂ ಓಡುವುದಿಲ್ಲ. ಕ್ಯಾಮೆರಾ ಶುರು ಮಾಡುವ ಮುಂಚೆ ಯೋಚಿಸುವ ಅಭ್ಯಾಸ ಆ ಸುರುಳಿಯಿಂದ ಬಂತು. ಪಾಠಗಳ ಪಟ್ಟಿ ಇನ್ನೂ ಇದೆ, ನಿಮಗೆ ಬೇಡ.

ಮೈಸೂರಿನ ವಿ.ಕೆ. ಮೂರ್ತಿಯವರನ್ನು ಕೇಳಿದ್ದೀರಾ? 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಸ್ಟುಡಿಯೋದ ಕತ್ತಲಿಗೆ ಬೆಳಕಿನ ಕೋಲೊಂದು ಇಳಿದು ಬರುತ್ತದೆ. ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿ ಅದನ್ನು ಮಾಡಿದವರು ಅವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಓದಿದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಸಿನಿಮಾಟೋಗ್ರಫಿ ಡಿಪ್ಲೊಮಾ, 1946. ನಮ್ಮೂರಿನಲ್ಲೇ ಇದನ್ನು ಓದಿದವರಿದ್ದರು. ಆದರೂ ನಿಮ್ಮ ಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಯಾವತ್ತೂ ಬರುವುದಿಲ್ಲ.

ಬರುವುದು ರಾಜ್‌ಕುಮಾರ್ ಹೆಸರು. ಸರಿ, ಅವರನ್ನೇ ತೆಗೆದುಕೊಳ್ಳೋಣ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಕಂಪನಿ ನಾಟಕದ ನಟರು. ಮುತ್ತುರಾಜ ಹುಡುಗನಾಗಿದ್ದಾಗಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿಕೊಂಡ. ಚಿಲ್ಲರೆ ಪಾತ್ರ ಮಾಡುತ್ತ, ಹಾಡುತ್ತ, ದೊಡ್ಡವರು ಮಾತು ಒಪ್ಪಿಸುವುದನ್ನು ಕೇಳುತ್ತ ಬೆಳೆದ. 'ಬೇಡರ ಕಣ್ಣಪ್ಪ' ಬಂದದ್ದು 1954ರಲ್ಲಿ, ಅವರ ಇಪ್ಪತ್ತೈದರ ಹರೆಯದಲ್ಲಿ. ಅಲ್ಲಿಯವರೆಗೆ ಅವರು ಏನು ಮಾಡುತ್ತಿದ್ದರು ಅಂದುಕೊಂಡಿರಿ? ಓದುತ್ತಿದ್ದರು ಸ್ವಾಮಿ! 1884ರಲ್ಲಿ ಶುರುವಾದ ಗುಬ್ಬಿ ಕಂಪನಿಗಿಂತ ದೊಡ್ಡ ವಿಶ್ವವಿದ್ಯಾಲಯ ನಟನೆಗೆ ಈ ಸೀಮೆಯಲ್ಲಿ ಇನ್ನಾವುದಿತ್ತು? ಪದವಿ ಪ್ರದಾನ ಇರಲಿಲ್ಲ, ಅಷ್ಟೇ.

ಅದೇ ಕಂಪನಿಗೆ ಬಂಟ್ವಾಳದ ಕಡೆಯ ಮಂಚಿಯಿಂದ ಮನೆಬಿಟ್ಟು ಬಂದ ಇನ್ನೊಬ್ಬ ಹುಡುಗನಿದ್ದ, ಬಿ.ವಿ. ಕಾರಂತ. ಅವನನ್ನು ಎಂ.ಎ. ಓದಲು ಬನಾರಸ್‌ಗೆ ಕಳಿಸಿದವರು ಸ್ವತಃ ವೀರಣ್ಣನವರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಅದಕ್ಕೇ ನಿರ್ದೇಶಕರಾದರು. ಕಲೆಗೆ ಓದು ಬೇಕೇ ಅನ್ನುವ ಅನುಮಾನ ವೀರಣ್ಣನವರಿಗೆ ಇದ್ದಂತೆ ಕಾಣುವುದಿಲ್ಲ.

ನಾನು ಓದಿದ ಜಾಗದ ಕಥೆಯೂ ಹೀಗೇ. 1960ರಲ್ಲಿ ಇನ್‌ಸ್ಟಿಟ್ಯೂಟ್ ಶುರುವಾದದ್ದು ಪ್ರಭಾತ್ ಕಂಪನಿಯ ಹಳೆಯ ಸ್ಟುಡಿಯೋದಲ್ಲಿ. ಆ ಕಂಪನಿ ಕಟ್ಟಿದವರಲ್ಲೊಬ್ಬರಾದ ವಿ. ಶಾಂತಾರಾಮ್, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಆಮೇಲೆ ಕೊಲ್ಹಾಪುರದ ಬಾಬೂರಾವ್ ಪೇಂಟರ್ ಕಂಪನಿಯಲ್ಲಿ ಚಾಕರಿ ಮಾಡುತ್ತ ಸಿನಿಮಾ ಕಲಿತವರು.

ಇಷ್ಟು ಹೇಳಿದ ಮೇಲೆ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ. ಇದುವರೆಗೆ ಯಾವ ನೆಂಟರೂ ಕೇಳಿಲ್ಲ. ಶಾಲೆ ಬಿಟ್ಟ ಆ ಮುತ್ತುರಾಜ ಇವತ್ತು ಕಲಿಯಲು ಎಲ್ಲಿಗೆ ಹೋಗಬೇಕು? ಪುಣೆಯ ಕ್ಯಾಮೆರಾ ಕೋರ್ಸಿಗೆ ಡಿಗ್ರಿ ಬೇಕು. ದೆಹಲಿಯ ನಾಟಕ ಶಾಲೆಗೂ ಡಿಗ್ರಿ ಬೇಕು. ಅರ್ಜಿ ಹಾಕಿದರೆ ವಿದ್ಯಾರ್ಹತೆಯ ಕಾಲಂ ದಾಟುವುದಿಲ್ಲ ಹುಡುಗ. ಹೆಗ್ಗೋಡಿನ ನೀನಾಸಂ 1980ರಿಂದ ಕನ್ನಡದಲ್ಲೇ ರಂಗಶಿಕ್ಷಣ ಕೊಡುತ್ತಿದೆ, ಅದು ನಮ್ಮ ಪುಣ್ಯ. ಬನಶಂಕರಿ ಜಾತ್ರೆಗೆ ಕಂಪನಿಗಳು ಇವತ್ತಿಗೂ ಟೆಂಟು ಹಾಕುತ್ತವೆ, ನಿಜ. ಆದರೆ ಕ್ಯಾಮೆರಾ ಕಲಿಯಬೇಕು ಅನ್ನುವವನಿಗೆ ಊಟ ಹಾಕಿ ಕಲಿಸುವ ಕಂಪನಿ ಎಲ್ಲಿದೆ? ರಾಜ್‌ಕುಮಾರ್ ಕಾಲೇಜಿಗೆ ಹೋಗಲಿಲ್ಲ ಅಂತ ಎದೆ ತಟ್ಟಿಕೊಳ್ಳುವ ನಾವೇ ಅಂಥವರು ಒಳಗೆ ಬಾರದ ಹಾಗೆ ಬಾಗಿಲು ಕಟ್ಟಿದ್ದೇವೆ. ನನ್ನ ಓದಿನ ಬಗ್ಗೆ ನನಗಿರುವ ಮುಜುಗರ ಇದೊಂದೇ. ಅಪ್ಪನ ದುಡ್ಡಿನ ಬಗ್ಗೆ ಅಲ್ಲ.

ಈ ಪ್ರಶ್ನೆಯನ್ನು ಒಬ್ಬ ಮಾತ್ರ ಕೇಳಿದ. ನಮ್ಮ ಯೂನಿಟ್ಟಿನ ಲೈಟ್ ಹುಡುಗ, ಕನಕಪುರದ ಕಡೆಯವನು. "ಮೇಡಂ, ನೀವು ಓದಿದ ಕಡೆ ನಾನು ಸೇರಬೇಕು ಅಂದ್ರೆ ಏನು ಮಾಡಬೇಕು?" ಎಸ್ಸೆಸ್ಸೆಲ್ಸಿ ಫೇಲು. ಆದರೆ ನಾನು ಮಾನಿಟರ್ ನೋಡುವ ಮೊದಲೇ "ಫೇಸಿಗೆ ಜಾಸ್ತಿ ಹೊಡೀತಿದೆ, ಕಟ್ಟರ್ ಹಾಕ್ಲಾ?" ಅನ್ನುವವನು. ಕಟ್ಟರ್ ಅಂದರೆ ಬೆಳಕಿಗೆ ಅಡ್ಡ ಇಡುವ ಕಪ್ಪು ಪರದೆ. ಲೈಟನ್ನು ಎರಡರಷ್ಟು ದೂರ ಸರಿಸಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದನ್ನು ನಾನು ಬೋರ್ಡಿನ ಮೇಲೆ ಕಲಿತೆ. ಅವನಿಗೆ ಸ್ಟ್ಯಾಂಡ್ ಎಳೆದಾಡಿಯೇ ಗೊತ್ತು. ವರ್ಗ, ವರ್ಗಮೂಲ ಅಂದರೆ ಮಾತ್ರ ಬೆವರುತ್ತಾನೆ.

ಮೊದಲು ಪರೀಕ್ಷೆ ಕಟ್ಟು ಅಂದೆ. ಕಟ್ಟಿದ್ದಾನೆ. ಉಳಿದದ್ದೆಲ್ಲ ಪಾಸು, ಗಣಿತ ಬಾಕಿ ಇದೆ. ಹೇಳಿಕೊಡುವವರು ಯಾರಾದರೂ ಇದ್ದರೆ ತಿಳಿಸಿ. ಬೆಳಗಿನ ಹೊತ್ತು ಬೇಡ, ಶೂಟಿಂಗ್ ಇರುತ್ತದೆ.